ಲಗಾಮು ಸಡಿಲಿಸುವ ಕೈ

ಇವತ್ತಿನ ಮಾತು ಕುದುರೆ ಸಾಕಿದವರಿಗೆ. ಬೀದರ್ ನಗರದ ಹಳೆಯ ಓಣಿಗಳಲ್ಲಿ ಮದುವೆ ಮೆರವಣಿಗೆಗೆಂದು ಹೆಣ್ಣುಕುದುರೆ ಕಟ್ಟಿಕೊಂಡವರು, ಭಾಲ್ಕಿ ಕಡೆಯ ಹೊಲಗಳಲ್ಲಿ ಎತ್ತಿನ ಜೋಡಿಯ ಪಕ್ಕದಲ್ಲೇ ಆಸೆಗೊಂದು ಕುದುರೆ ಸಾಕಿದ ರೈತರು, ಔರಾದಿನಿಂದ ಗಡಿ ದಾಟಿ ನಾಂದೇಡ ಜಿಲ್ಲೆಯ ಮಾಳೇಗಾಂವ ಖಂಡೋಬಾ ಜಾತ್ರೆಗೆ ಹೋಗಿ ಮರಿ ಕೊಂಡು ತಂದ ಹುಡುಗರು, ಇವರೆಲ್ಲ ನನ್ನ ಕಣ್ಣ ಮುಂದಿದ್ದಾರೆ. ಟಾಂಗಾ ಹೊಡೆಯುತ್ತಿದ್ದ ಮನೆತನಗಳು ಆಟೋ ಹಿಡಿದವು. ಆದರೂ ಕುದುರೆಯ ಮೇಲಿನ ಮೋಹ ಈ ನೆಲದಿಂದ ಹೋಗಿಲ್ಲ. ಭಾಲ್ಕಿ ತಾಲ್ಲೂಕಿನ ಖಾನಾಪುರದ ಹತ್ತಿರ ಮೈಲಾರ ಮಲ್ಲಣ್ಣನ ಗುಡಿಯಿದೆ. ಆ ದೇವರೇ ಕುದುರೆ ಏರಿದವನು. ದೇವರ ವಾಹನವೆಂದು ಕೈ ಮುಗಿಯುವ ಜನ ನಾವು. ಅದೇ ಪ್ರಾಣಿಯ ಬಾಯಿಗೆ ಮುಳ್ಳಿನ ಕಡಿವಾಣ ಹಾಕಿದ್ದನ್ನು ನಮ್ಮ ಬೀದಿಗಳಲ್ಲೇ ಕಂಡಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅದಕ್ಕೇ ಈ ಮಾತು.

ನಾನು ಹೇಳಬೇಕೆಂದಿರುವುದು ಒಂದೇ ಸಂಗತಿ. ಕುದುರೆ ಲಗಾಮು ಎಳೆದಾಗ ಕಲಿಯುವುದಿಲ್ಲ, ಎಳೆತ ನಿಂತ ಗಳಿಗೆಯಲ್ಲಿ ಕಲಿಯುತ್ತದೆ. ನೀವು ಹಗ್ಗ ಜಗ್ಗಿದಿರಿ, ಅದು ಒಂದು ಹೆಜ್ಜೆ ಮುಂದಿಟ್ಟಿತು, ತಕ್ಷಣ ಹಗ್ಗ ಸಡಿಲ ಬಿಟ್ಟಿರಿ. 'ಹೆಜ್ಜೆ ಇಟ್ಟೆ, ನೆಮ್ಮದಿ ಸಿಕ್ಕಿತು' ಎಂಬುದು ಅದರ ತಲೆಯಲ್ಲಿ ಕೂತಿತು. ಹೆಜ್ಜೆ ಇಟ್ಟ ಮೇಲೂ ಜಗ್ಗುತ್ತಲೇ ಇದ್ದರೆ ಅದಕ್ಕೆ ತಿಳಿಯುವುದು ಇಷ್ಟೇ: ಏನು ಮಾಡಿದರೂ ಈ ಮನುಷ್ಯ ಬಿಡುವವನಲ್ಲ. ಆಮೇಲೆ ಅದು ಕತ್ತು ಬಿಗಿಮಾಡಿ ನಿಲ್ಲುತ್ತದೆ, ಇಲ್ಲವೆ ಹಗ್ಗ ಕಿತ್ತುಕೊಂಡು ಓಡುತ್ತದೆ. ನಾವು ಅದನ್ನು ಹಟಮಾರಿ ಎನ್ನುತ್ತೇವೆ. ಹಟ ಕಲಿಸಿದವರು ನಾವೇ.

ಇದು ಈ ನೆಲಕ್ಕೆ ಹೊಸ ವಿದ್ಯೆಯೇನಲ್ಲ. ನಮ್ಮ ಜಿಲ್ಲೆಯ ಬಸವಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದಾಗ ಮೂರನೆಯ ಸೋಮೇಶ್ವರ ದೊರೆ 1129ರ ಸುಮಾರಿಗೆ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ರಚಿಸಿದ. ಅಡುಗೆ, ಸಂಗೀತ, ಬೇಟೆ, ಚಿತ್ರ ಎಲ್ಲದರ ಜೊತೆಗೆ ಅದರಲ್ಲಿ ಕುದುರೆಗೂ ದೊಡ್ಡ ಜಾಗವಿದೆ. ಕುದುರೆ ಏರಿ ಕೋಲಿನಿಂದ ಚೆಂಡು ಹೊಡೆಯುವ ಆಟ, ನಾವು ಇಂದು ಪೋಲೋ ಎನ್ನುವಂಥದ್ದು, ಅಲ್ಲಿ ವಾಜಿವಾಹ್ಯಾಲೀ ವಿನೋದ ಎಂಬ ಹೆಸರಿನಲ್ಲಿ ಬರುತ್ತದೆ. ಬೆದರಿದ ಕುದುರೆಯ ಮೇಲೆ ಕೂತು ಆಡುವ ಆಟವಲ್ಲ ಅದು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಲಗಾಮು. ಸವಾರನ ತೊಡೆಯ ಒತ್ತಡಕ್ಕೇ ಕುದುರೆ ತಿರುಗಬೇಕು. ಅಷ್ಟು ನಯ ಕಲಿಸಬಲ್ಲವರು ಎಂಟುನೂರು ಒಂಬೈನೂರು ವರ್ಷದ ಹಿಂದೆ ಕಲ್ಯಾಣದಲ್ಲಿ ಇದ್ದರು.

ಆಮೇಲೆ ಬಹಮನಿಗಳು ಬಂದರು. ಅಹ್ಮದ್ ಶಾ ವಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. ಕುದುರೆಯ ಲಕ್ಷಣ, ರೋಗ, ಔಷಧ ಹೇಳುವ ನಮ್ಮ ಶಾಲಿಹೋತ್ರ ಶಾಸ್ತ್ರವನ್ನು ಸಂಸ್ಕೃತದಿಂದ ಪಾರಸಿಗೆ ತರಿಸಿದ ಸುಲ್ತಾನನೂ ಇವನೇ; ಆ ಕೆಲಸ ಮಾಡಿದ ವಿದ್ವಾಂಸ ಅಬ್ದುಲ್ಲಾ ಬಿನ್ ಸಫಿ. ಬೀದರಿನಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ 1472ರಲ್ಲಿ ಗೋವಾ ಬಂದರನ್ನು ವಿಜಯನಗರದಿಂದ ಗೆದ್ದುಕೊಂಡ. ಅರಬ್ಬೀ ಕುದುರೆಗಳ ಹಡಗು ಬಂದು ನಿಲ್ಲುತ್ತಿದ್ದ ಬಂದರು ಅದು, ಎರಡು ರಾಜ್ಯಗಳೂ ಅದಕ್ಕಾಗಿ ಕಾದಾಡಿದ್ದಕ್ಕೆ ಕುದುರೆಯೂ ಒಂದು ಕಾರಣ.

ಹೆಚ್ಚುಕಡಿಮೆ ಅದೇ ಹೊತ್ತಿಗೆ ರಷ್ಯದ ತ್ವೇರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ ಬೀದರಿಗೆ ಬಂದ. ಅವನು ಸಮುದ್ರ ದಾಟುವಾಗ ಜೊತೆಗೆ ತಂದಿದ್ದು ಒಂದೇ ಒಂದು ಗಂಡುಕುದುರೆ. ಚೌಲ್ ಬಂದರಿನಲ್ಲಿ ಇಳಿದು ಜುನ್ನರಿಗೆ ಹೋದಾಗ ಅಲ್ಲಿಯ ಖಾನ ಆ ಕುದುರೆಯನ್ನು ಕಸಿದುಕೊಂಡ. ಒಬ್ಬ ಖುರಾಸಾನಿ ದೊಡ್ಡಮನುಷ್ಯ ನಡುವೆ ಬಿದ್ದು ಬಿಡಿಸಿಕೊಟ್ಟ. ಕಡೆಗೆ ಕ್ರಿಸ್‌ಮಸ್ ಹೊತ್ತಿಗೆ ಬೀದರಿನಲ್ಲಿ ಅದನ್ನು ಮಾರಿದ. ಇಲ್ಲಿಯ ಜನ ಕುದುರೆಗೆ ಕಾಳು ತಿನ್ನಿಸುತ್ತಾರೆ, ಸಕ್ಕರೆ ಎಣ್ಣೆ ಹಾಕಿ ಖಿಚಡಿ ಬೇಯಿಸಿ ಕೊಡುತ್ತಾರೆ ಎಂದು ಬೆರಗಿನಿಂದ ಬರೆದಿಟ್ಟಿದ್ದಾನೆ. ಆಳಂದದ ಜಾತ್ರೆಯಲ್ಲಿ ಇಪ್ಪತ್ತು ಸಾವಿರದವರೆಗೆ ಕುದುರೆ ಮಾರಾಟಕ್ಕೆ ಬರುತ್ತವೆ ಎಂಬುದೂ ಅವನ ಬರಹದಲ್ಲೇ ಇದೆ. ಕುದುರೆಯೆಂದರೆ ಅಷ್ಟು ಬೆಲೆ, ಅಷ್ಟು ಜತನ ಇದ್ದ ಊರು ನಮ್ಮದು. ಆ ಜತನದಲ್ಲಿ ಕಾಲುಭಾಗ ಇವತ್ತು ಉಳಿದಿದ್ದರೂ ಸಾಕಿತ್ತು.

ಈಗ ಕುದುರೆಯ ಕಡೆಯಿಂದ ನೋಡೋಣ. ಅದರ ಕಣ್ಣು ತಲೆಯ ಎರಡು ಪಕ್ಕಕ್ಕಿವೆ. ಕತ್ತು ತಿರುಗಿಸದೆಯೇ ಸುತ್ತಲಿನದೆಲ್ಲ ಕಾಣುತ್ತದೆ, 350 ಡಿಗ್ರಿಯ ಹತ್ತಿರ ಎನ್ನುತ್ತಾರೆ. ಕಾಣದ ಜಾಗ ಎರಡೇ: ಹಣೆಯ ನೇರ ಮುಂದೆ, ಬಾಲದ ನೇರ ಹಿಂದೆ. ನಮ್ಮವರು ಹೋಗುವುದು ಸರಿಯಾಗಿ ಈ ಎರಡು ಕಡೆಯಿಂದಲೇ. ಮುಂದಿನಿಂದ ಹೋಗಿ ಹಣೆಯ ಮೇಲೆ ಪಟಕ್ಕನೆ ಕೈಯಿಡುತ್ತಾರೆ, ಹಿಂದಿನಿಂದ ಹೋಗಿ ಪೃಷ್ಠ ತಟ್ಟುತ್ತಾರೆ. ಒದೆ ಬಿದ್ದರೆ ತಪ್ಪು ಕುದುರೆಯದೇ? ಹುಲ್ಲುಗಾವಲಲ್ಲಿ ತೋಳ, ಹುಲಿಗಳಿಂದ ತಪ್ಪಿಸಿಕೊಂಡು ಬದುಕಿ ಬಂದ ಕುಲ ಅದು. ಮೊದಲು ಓಡು, ಆಮೇಲೆ ತಿರುಗಿ ನೋಡು ಎಂಬುದು ಅದರ ರಕ್ತದಲ್ಲಿದೆ. ಎಡಹೆಗಲಿನ ಕಡೆಯಿಂದ, ದೂರದಿಂದಲೇ ಮಾತಾಡಿಸುತ್ತ, ಓರೆಯಾಗಿ ನಡೆದು ಹೋಗಿ. ಕೈ ಚಾಚಿ ನಿಲ್ಲಿ. ಅದೇ ಮೂತಿ ತಂದು ಮೂಸಲಿ. ಆಮೇಲೆ ಕತ್ತು ಬೆನ್ನಿಗೆ ಸೇರುವ ದಿಬ್ಬದ ಹತ್ತಿರ ಬೆರಳಿನಿಂದ ತುರಿಸಿ. ಕುದುರೆಗಳು ಒಂದನ್ನೊಂದು ಹಲ್ಲಿನಿಂದ ತುರಿಸಿಕೊಳ್ಳುವುದು ಅದೇ ಜಾಗದಲ್ಲಿ. ಅಲ್ಲಿ ತುರಿಸಿದರೆ ಕುದುರೆಯ ಎದೆಬಡಿತ ಇಳಿಯುತ್ತದೆಂದು ಫ್ರಾನ್ಸಿನ ಸಂಶೋಧಕರು 1993ರಲ್ಲೇ ಅಳೆದು ತೋರಿಸಿದ್ದಾರೆ.

ನಿಮ್ಮ ಮನಸ್ಸಿನ ಗಾಬರಿಯೂ ಅದಕ್ಕೆ ಗೊತ್ತಾಗುತ್ತದೆ. ಸ್ವೀಡನ್ನಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಒಂದು ಪ್ರಯೋಗ ಹೇಳುತ್ತೇನೆ. ಕೆಲವರಿಗೆ ಕುದುರೆ ಹಿಡಿದು ನಡೆಸಲು, ಕೆಲವರಿಗೆ ಏರಿ ಹೋಗಲು ಹೇಳಿದರು. ಮೂರು ಸಲ ಸುಮ್ಮನೆ ಹೋಗಿ ಬಂದರು. ನಾಲ್ಕನೆಯ ಸಲ, ನೀವು ಹಾದುಹೋಗುವಾಗ ಅಲ್ಲೊಂದು ಛತ್ರಿ ಬಿಚ್ಚುತ್ತೇವೆ ಎಂದು ತಿಳಿಸಿದರು. ಛತ್ರಿ ಬಿಚ್ಚಲೇ ಇಲ್ಲ. ಆದರೂ ಮನುಷ್ಯರ ಎದೆಬಡಿತ ಏರಿತು, ಜೊತೆಗೆ ಕುದುರೆಯದೂ ಏರಿತು. ಛತ್ರಿಯ ವಿಷಯ ಕುದುರೆಗೆ ಯಾರೂ ಹೇಳಿರಲಿಲ್ಲ. ಹಗ್ಗ ಹಿಡಿದ ಕೈ ಹೇಳಿತ್ತು. ಆದ್ದರಿಂದ ಮನೆಯಲ್ಲಿ ಜಗಳವಾಡಿ, ಸಾಲಗಾರನ ಮೇಲಿನ ಸಿಟ್ಟು ಹೊತ್ತು ಕುದುರೆಯ ಹತ್ತಿರ ಹೋಗಬೇಡಿ. ಗ್ರೀಸಿನ ಜೆನೊಫೋನ್ ಎಂಬ ದಂಡನಾಯಕ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಬರೆದ ಕುದುರೆ ಸವಾರಿಯ ಪುಸ್ತಕದಲ್ಲಿ ಇದೇ ಬುದ್ಧಿಮಾತಿದೆ: ಸಿಟ್ಟಿನಲ್ಲಿ ಕುದುರೆಯ ಜೊತೆ ವ್ಯವಹರಿಸಲೇಬೇಡ, ಆಮೇಲೆ ಪಶ್ಚಾತ್ತಾಪ ಪಡುತ್ತೀಯ ಎಂದು. ಯುದ್ಧಕ್ಕೆ ಕುದುರೆ ತಯಾರು ಮಾಡಿದವನ ಮಾತು ಇದು, ಮೆತ್ತಗಿನ ಮನಸ್ಸಿನವನದಲ್ಲ.

ಪಳಗಿಸುವ ಕೆಲಸ ನೆಲದ ಮೇಲೆಯೇ ಶುರುವಾಗಬೇಕು. ಏರುವ ಮಾತು ಆಮೇಲೆ. ಮುಖಕ್ಕೆ ಮೆತ್ತನೆಯ ಹಗ್ಗ ಕಟ್ಟಿ, ಬಾಯಿಗೆ ಏನೂ ಹಾಕದೆ, ಒಂದಿಷ್ಟು ಬಯಲಿರುವ ಕಡೆ ಕರೆದೊಯ್ಯಿರಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ಬೆದರಿ ಓಡಿದರೆ ಬೆರಳು ಹೋಗುತ್ತವೆ. ಮುಂದಕ್ಕೆ ಹಗುರವಾಗಿ ಜಗ್ಗಿ, ಕಾಯಿರಿ. ಜಗ್ಗುವ ಬಲ ಹೆಚ್ಚಿಸಬೇಡಿ, ಕಡಿಮೆಯೂ ಮಾಡಬೇಡಿ. ಅದು ಮೈಯ ಭಾರ ಮುಂದಕ್ಕೆ ಚೂರು ಸರಿಸಿದರೂ ಬಿಟ್ಟುಬಿಡಿ, ತುರಿಸಿ, ಮಾತಾಡಿಸಿ. ಮತ್ತೆ ಜಗ್ಗಿ. ಮುಂದೆ ಬರುವುದು, ನಿಲ್ಲುವುದು, ಎದೆಯ ಮೇಲೆ ಬೆರಳೊತ್ತಿದರೆ ಹಿಂದೆ ಸರಿಯುವುದು, ಪಕ್ಕೆಗೆ ಬೆರಳೊತ್ತಿದರೆ ಹಿಂಗಾಲು ಆಚೆ ಸರಿಸುವುದು. ಈ ನಾಲ್ಕು ಬಂದರೆ ಸವಾರಿಯ ಮುಕ್ಕಾಲು ಪಾಲು ಬಂದಂತೆ, ಏಕೆಂದರೆ ಮೇಲೆ ಕೂತು ಕೇಳುವುದೂ ಇವನ್ನೇ. ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಚೆನ್ನಾಗಿ ಮಾಡಿದ ಗಳಿಗೆಯಲ್ಲೇ ನಿಲ್ಲಿಸಿ. ಇನ್ನೊಂದು ಸಲ, ಇನ್ನೊಂದು ಸಲ ಎಂದು ಎಳೆದಾಡಿದರೆ ಬಂದದ್ದೂ ಹೋಗುತ್ತದೆ.

ಅದು ಒಪ್ಪಿತೋ ಇಲ್ಲವೋ ಎಂಬುದನ್ನು ಮೈ ನೋಡಿ ತಿಳಿಯಬೇಕು. ಕಿವಿ ಹಿಂದಕ್ಕೆ ಅಂಟಿಸಿ, ಕಣ್ಣಿನ ಬಿಳಿ ತೋರಿಸಿ, ತುಟಿ ಬಿಗಿಹಿಡಿದು, ಬಾಲ ಒದರುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ. ತಲೆ ತಗ್ಗಿತು, ತುಟಿ ಸಡಿಲಾಯಿತು, ಮೂಗಿನಿಂದ ಉದ್ದನೆಯ ಉಸಿರು ಬಂತು, ಒಂದು ಹಿಂಗಾಲು ಮಡಚಿ ಆರಾಮಾಗಿ ನಿಂತಿತು ಎಂದರೆ ಮುಂದಿನ ಪಾಠ ಕೊಡಬಹುದು. ಮಗುವಿಗೆ ಅಕ್ಷರ ತಿದ್ದಿಸುವ ತಾಯಿ ಅದರ ಮುಖ ನೋಡುತ್ತ ತಿದ್ದಿಸುವ ಹಾಗೆ ನೋಡುತ್ತಿರಬೇಕು.

ಮರಿಯ ವಯಸ್ಸಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಎರಡು ವರ್ಷ ತುಂಬುತ್ತಲೇ ಬೆನ್ನಿಗೆ ಜೀನು ಬಿಗಿಯುತ್ತಾರೆ. ಎತ್ತರ ಬಂದಿರುತ್ತದೆ, ಎಲುಬು ಬಲಿತಿರುವುದಿಲ್ಲ. ಬೆನ್ನೆಲುಬಿನ ಬೆಳವಣಿಗೆ ಪೂರ್ತಿಯಾಗಲು ಐದಾರು ವರ್ಷ ಬೇಕು. ಮೂರೂವರೆ ನಾಲ್ಕು ವರ್ಷದವರೆಗೆ ಭಾರ ಹಾಕಬೇಡಿ. ಅಲ್ಲಿಯವರೆಗೆ ನೆಲದ ಪಾಠವೇ ಬೇಕಾದಷ್ಟಿದೆ. ಭಾರಕ್ಕೂ ಒಂದು ಲೆಕ್ಕವಿದೆ. ಸವಾರ, ಜೀನು ಎಲ್ಲ ಸೇರಿ ಕುದುರೆಯ ತೂಕದ ಐದನೆಯ ಒಂದು ಪಾಲು ದಾಟಬಾರದು. ನಮ್ಮ ದಖ್ಖನಿನ ತಟ್ಟುಗಳು ಗಟ್ಟಿಮುಟ್ಟಾದ ಜಾತಿ, ಮರಾಠಾ ದಂಡನ್ನು ಹೊತ್ತು ತಿರುಗಿದವು; ಭೀಮಾ, ನೀರಾ ನದಿಗಳ ಬಯಲಿನ ಭೀಮಥಡಿ ಕುದುರೆಯನ್ನು ಈಚೆಗೆ ಸ್ವತಂತ್ರ ತಳಿಯೆಂದೇ ನೋಂದಾಯಿಸಿದ್ದಾರೆ. ಆದರೂ ಮುನ್ನೂರು ಕಿಲೊ ತೂಗುವ ತಟ್ಟಿಗೆ ಅರವತ್ತು ಕಿಲೊ ಮಿತಿ. ಎಂಬತ್ತು ಕಿಲೊದ ಮದುಮಗ, ಅವನ ಮುಂದೆ ತಮ್ಮನ ಮಗು, ಹಿಂದೆ ತಂಗಿಯ ಮಗು ಎಂದು ಏರಿಸಿದರೆ ಆ ಬೆನ್ನು ಏನಾಗಬೇಕು?

ಬಾಯಿಯ ಮಾತಿಗೆ ಬರುತ್ತೇನೆ. ಕುದುರೆಯ ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಹಲ್ಲಿಲ್ಲದ ಒಂದು ಸಂದಿದೆ. ಕಡಿವಾಣ ಕೂರುವುದು ಅಲ್ಲಿ. ಎಲುಬಿನ ಮೇಲೆ ತೆಳ್ಳನೆಯ ಒಸಡಿನ ಪದರ, ಅಷ್ಟೇ. ಅಲ್ಲಿಗೆ ಮುಳ್ಳಿನ, ಹಲ್ಲುಹಲ್ಲಾದ ಕಡಿವಾಣ ಹಾಕಿ ಎರಡೂ ಕೈಯಿಂದ ಜಗ್ಗುವವರಿದ್ದಾರೆ. ರಕ್ತ ಬರುತ್ತದೆ, ನಾಲಗೆ ಸೀಳುತ್ತದೆ, ಮಾಗಿದ ಮೇಲೆ ಅಲ್ಲಿ ಗಂಟು ಕಟ್ಟಿ ಜಡವಾಗುತ್ತದೆ, ಆಗ ಇನ್ನೂ ಹರಿತವಾದ ಕಡಿವಾಣ ಹುಡುಕುತ್ತಾರೆ. ಇದಕ್ಕೆ ಕೊನೆಯಿಲ್ಲ. ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳ ಮೇಲಿನ ಹಿಂಸೆ ತಡೆಯಲು ಕೇಂದ್ರ ಸರ್ಕಾರ 1965ರಲ್ಲೇ ನಿಯಮ ಮಾಡಿದೆ. ಮುಳ್ಳಿನ ಕಡಿವಾಣ, ಮೊನೆಯುಳ್ಳ ಕೋಲು ಅದರ ಪ್ರಕಾರ ಅಪರಾಧ. ನಯವಾದ ದುಂಡನೆಯ ಕಬ್ಬಿಣದ ಕಡಿವಾಣ ಸಾಕು, ಅದೂ ತುಟಿಯ ಅಂಚಿನಲ್ಲಿ ಒಂದು ಸಣ್ಣ ಸುಕ್ಕು ಬೀಳುವಷ್ಟು ಬಿಗಿಯಲ್ಲಿ. ಕುದುರೆ ನಿಲ್ಲುವುದಿಲ್ಲವಾದರೆ ಕೊರತೆಯಿರುವುದು ಪಾಠದಲ್ಲಿ. ಕಬ್ಬಿಣ ಬದಲಿಸಿ ಉಪಯೋಗವಿಲ್ಲ.

ಚಾಬೂಕಿನ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆಯಿದೆ, ಕುದುರೆಯ ಚರ್ಮ ದಪ್ಪ, ಅದಕ್ಕೆ ತಾಗುವುದಿಲ್ಲ ಎಂದು. ಒಂದು ನೊಣ ಬಂದು ಕೂತರೆ ಅದೇ ಜಾಗದ ಚರ್ಮವನ್ನಷ್ಟೇ ಅದುರಿಸುವ ಪ್ರಾಣಿ ಅದು. 2020ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದವರು ಮನುಷ್ಯನ ಮತ್ತು ಕುದುರೆಯ ಚರ್ಮವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಹೋಲಿಸಿದರು. ನೋವು ತಿಳಿಸುವ ನರದ ತುದಿಗಳಿರುವ ಮೇಲ್ಪದರದಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸವೇ ಕಾಣಲಿಲ್ಲ. ನಿಮ್ಮ ತೊಡೆಗೆ ಬಿದ್ದರೆ ಎಷ್ಟು ಉರಿಯುತ್ತದೋ ಅದಕ್ಕೂ ಅಷ್ಟೇ ಉರಿಯುತ್ತದೆ.

ಇನ್ನು ಸವಾರಿ. ಜೀನು ಹಾಕುವ ಮೊದಲು ಬೆನ್ನಿನ ಮೇಲೆ ಅಂಗೈ ಒತ್ತಿ ಉದ್ದಕ್ಕೂ ಸವರಿ. ಎಲ್ಲಾದರೂ ಬೆನ್ನು ತಗ್ಗಿಸಿಕೊಂಡರೆ ಅಲ್ಲಿ ನೋವಿದೆ, ಅವತ್ತು ಸವಾರಿ ಬೇಡ. ಜೀನಿನ ಕೆಳಗಿನ ಬಟ್ಟೆ ಒಣಗಿರಲಿ, ಮಡಿಕೆ ಇಲ್ಲದಿರಲಿ. ಹೊಟ್ಟೆಪಟ್ಟಿಯನ್ನು ಒಂದೇ ಏಟಿಗೆ ಬಿಗಿಯಬೇಡಿ. ಸ್ವಲ್ಪ ಬಿಗಿದು, ನಾಲ್ಕು ಹೆಜ್ಜೆ ನಡೆಸಿ, ಮತ್ತೆ ಬಿಗಿಯಿರಿ. ಏರಲು ಕಟ್ಟೆಯೊಂದನ್ನು ಬಳಸಿ. ನೆಲದಿಂದ ರಿಕಾಬಿಗೆ ಜೋತು ಹತ್ತುವುದು ಶೌರ್ಯವೆಂದು ಹುಡುಗರು ತಿಳಿದಿದ್ದಾರೆ, ಅದರಿಂದ ಕುದುರೆಯ ಬೆನ್ನು ಒಂದೇ ಕಡೆಗೆ ತಿರುಚುತ್ತದೆ. ಧಪ್ಪೆಂದು ಕೂರದೆ ಮೆಲ್ಲಗೆ ಇಳಿದು ಕೂರಿ. ಕೂತ ಮೇಲೆ ತಕ್ಷಣ ಹೊರಡಬೇಡಿ. ನೀವು ಹೇಳುವ ತನಕ ಅದು ನಿಂತಿರುವುದನ್ನು ಕಲಿಯಲಿ.

ಕಿವಿ, ಭುಜ, ಸೊಂಟ, ಹಿಮ್ಮಡಿ ನಾಲ್ಕೂ ಒಂದೇ ನೇರಕ್ಕೆ ಬರುವಂತೆ ಕೂತರೆ ತೂಕ ಸಮವಾಗಿ ಬೀಳುತ್ತದೆ. ಹಿಮ್ಮಡಿ ಕೆಳಗೆ, ದೃಷ್ಟಿ ಮುಂದೆ. ಮೊಣಕೈ ಮೆತ್ತಗಿರಲಿ, ಕುದುರೆ ನಡೆಯುವಾಗ ತಲೆ ಮೇಲೆ ಕೆಳಗೆ ಆಡಿಸುತ್ತದೆ, ಕೈಯೂ ಅದರ ಜೊತೆಗೆ ಆಡಬೇಕು. ಲಗಾಮನ್ನು ಸಮತೋಲಕ್ಕೆ ಹಿಡಿಯುವ ಆಸರೆ ಮಾಡಿಕೊಂಡವನು ಎಂದೂ ಒಳ್ಳೆಯ ಸವಾರನಾಗಲಾರ. ಅದಕ್ಕೆ ಹೊಸಬರು ಮೊದಲು ಲಗಾಮು ಮುಟ್ಟದೆ, ಇನ್ನೊಬ್ಬರು ಹಗ್ಗ ಹಿಡಿದು ಸುತ್ತಿಸುವಾಗ ಕೂತು ಅಭ್ಯಾಸ ಮಾಡಬೇಕು. ನಡಿಗೆಯಲ್ಲಿ ಗಟ್ಟಿಯಾದ ಮೇಲೆ ದುಲ್ಕಿ, ದುಲ್ಕಿ ಗಟ್ಟಿಯಾದ ಮೇಲೆ ಓಟ. ನಮ್ಮ ಕಡೆ ರೇವಾಲ ಎಂಬ ಕುಲುಕಿಲ್ಲದ ನಡಿಗೆಯ ಹುಚ್ಚು ಬಹಳ. ಮಾರವಾಡಿ, ಸಿಂಧಿ ಕುದುರೆಗಳಲ್ಲಿ ಅದು ಹುಟ್ಟಿನಿಂದ ಬರುವ ಚಾಲು. ಹುಟ್ಟಿನಿಂದ ಬರದ ಕುದುರೆಗೆ ಕಾಲು ಕಟ್ಟಿ, ಬಾಯಿ ಜಗ್ಗಿ ಅದನ್ನು ತರಿಸಲು ಹೋಗುವುದು ಕ್ರೌರ್ಯ.

ನಿಲ್ಲಿಸುವ ಕ್ರಮ ಹೀಗೆ: ಮೊದಲು ನೀವು ಉಸಿರು ಬಿಡಿ, ಸೊಂಟದ ಅಲುಗಾಟ ನಿಲ್ಲಿಸಿ, ಆಮೇಲೆ ಬಾಯಿಂದ ಹೇಳಿ, ಕಡೆಗೆ ಲಗಾಮು. ದಿನವೂ ಇದೇ ಕ್ರಮವಾದರೆ ತಿಂಗಳೊಪ್ಪತ್ತಿನಲ್ಲಿ ಉಸಿರು ಬಿಟ್ಟಾಗಲೇ ನಿಲ್ಲತೊಡಗುತ್ತದೆ. ಬೆದರಿ ಓಡಿದಾಗ ಎರಡೂ ಲಗಾಮನ್ನು ಒಟ್ಟಿಗೆ ಜಗ್ಗಿ ಹಿಡಿದರೆ ಅದು ಆ ಎಳೆತಕ್ಕೇ ಒರಗಿ ಇನ್ನೂ ಓಡುತ್ತದೆ. ಒಂದು ಲಗಾಮನ್ನು ನಿಧಾನವಾಗಿ ಪಕ್ಕಕ್ಕೆ ತಂದು, ದೊಡ್ಡ ಸುತ್ತು ಹಾಕಿಸಿ, ಸುತ್ತನ್ನು ಕಿರಿದು ಮಾಡುತ್ತ ಬನ್ನಿ. ಪೂರ್ತಿ ನಾಗಾಲೋಟದಲ್ಲಿದ್ದಾಗ ಥಟ್ಟನೆ ತಿರುಗಿಸಬೇಡಿ, ಇಬ್ಬರೂ ಬೀಳುತ್ತೀರಿ. ಇದನ್ನೂ ನಡಿಗೆಯಲ್ಲಿದ್ದಾಗಲೇ ಕಲಿಸಿಟ್ಟಿರಬೇಕು. ಸವಾರಿಗೆಂದೇ ಮಾಡಿದ ಹೆಲ್ಮೆಟ್ ಇಲ್ಲದೆ ಮಕ್ಕಳನ್ನು ಏರಿಸಬೇಡಿ. ರಿಕಾಬಿನಲ್ಲಿ ಪಾದ ಸಿಕ್ಕಿಕೊಳ್ಳದಂತೆ ಹಿಮ್ಮಡಿಯುಳ್ಳ ಬೂಟು ಬೇಕು; ಚಪ್ಪಲಿ ಸಲ್ಲ.

ನೆಲ ನೋಡಿ ಸವಾರಿ ಮಾಡಿ. ಬೀದರ್ ನಗರದ ಸುತ್ತ ಜಂಬಿಟ್ಟಿಗೆಯ ಕೆಂಪು ಗಟ್ಟಿನೆಲ. ಔರಾದ, ಭಾಲ್ಕಿಯ ಕಡೆ, ಮಾಂಜ್ರಾ ನದಿಯ ಆಸುಪಾಸಿನಲ್ಲಿ ಎರೆ ಭೂಮಿ. ಮಳೆ ಬಿದ್ದ ಎರೆಯಲ್ಲಿ ಓಡಿಸಿದರೆ ಕಾಲು ಹೂತು ನರ ಉಳುಕುತ್ತದೆ, ಒಣಗಿದ ಎರೆಯ ಬಿರುಕಿನಲ್ಲಿ ಗೊರಸು ಸಿಕ್ಕಿ ಕಾಲೇ ಮುರಿಯಬಹುದು. ಡಾಂಬರಿನ ಮೇಲೆ ಓಡಿಸುವುದಂತೂ ಬೇಡವೇ ಬೇಡ. ಗೊರಸು ತಿಂಗಳಿಗೆ ಒಂದು ಸೆಂಟಿಮೀಟರಿನ ಹತ್ತಿರ ಬೆಳೆಯುತ್ತದೆ. ಆರೆಂಟು ವಾರಕ್ಕೊಮ್ಮೆ ಕತ್ತರಿಸಿ ಲಾಳ ಬದಲಿಸಬೇಕು. ಲಾಳ ಕಟ್ಟುವ ಕಸುಬಿನವರು ಕಡಿಮೆಯಾಗುತ್ತಿದ್ದಾರೆ. ಸಿಕ್ಕವರನ್ನು ಗೌರವದಿಂದ ಉಳಿಸಿಕೊಳ್ಳಿ, ಅವರ ಹುಡುಗರು ಆ ಕೆಲಸ ಕಲಿಯುವಂತೆ ಕೂಲಿ ಕೊಡಿ.

ಮೇವಿನ ಬಗ್ಗೆ ಎರಡು ಮಾತು. ಕುದುರೆಯ ಹೊಟ್ಟೆ ಚಿಕ್ಕದು, ಅದಕ್ಕೆ ವಾಂತಿಯಾಗುವುದಿಲ್ಲ. ಒಂದೇ ಸಲ ಬಕೆಟ್ ತುಂಬ ಕಾಳು ಸುರಿದರೆ ಹೊಟ್ಟೆಶೂಲೆ ಬಂದು ಸಾಯುವುದುಂಟು. ಒಣ ಮೇವು ದಿನವಿಡೀ ಇರಲಿ, ಕಾಳು ಮೂರು ಪಾಲಾಗಲಿ, ಹುರುಳಿ ನೆನೆಸಿದ್ದೋ ಬೇಯಿಸಿದ್ದೋ ಆಗಿರಲಿ. ಜೋಳ ನಮ್ಮ ನಾಡಿನ ಬೆಳೆ. ಒಣಗಿದ ಕಣಿಕೆ ಕೊಡಬಹುದು, ಆದರೆ ಎಳೆ ಹಸಿಜೋಳಕ್ಕೆ, ಕೊಯ್ದ ಕೂಳೆಯಿಂದ ಚಿಗುರಿದ್ದಕ್ಕೆ ಕುದುರೆ ಬಿಡಬೇಡಿ, ವಿಷವಾಗುತ್ತದೆ. ನೀರು ಸದಾ ಮುಂದಿರಬೇಕು. ಬೆವರಿ ಬಂದ ಕುದುರೆಗೆ ನೀರು ಕೊಡಬಾರದೆಂಬ ಮಾತನ್ನು ಬಿಡಿ; ಕುಡಿಸಿ, ಮೈಗೂ ಸುರಿಯಿರಿ, ನೆರಳಿನಲ್ಲಿ ನಡೆಸಿ ಆರಿಸಿ.

ಇಷ್ಟೆಲ್ಲ ಹೇಳಿದ್ದು ಮದುವೆಯ ಮೆರವಣಿಗೆಯ ವಿಷಯಕ್ಕೆ ಬರಲಿಕ್ಕೆ. ಬೀದರ್, ಭಾಲ್ಕಿ, ಔರಾದ ಈ ಮೂರೂ ಊರುಗಳಲ್ಲಿ ಹೆಚ್ಚಿನ ಕುದುರೆಗಳ ಹೊಟ್ಟೆ ಹೊರೆಯುವುದು ಮದುವೆಯೇ. ಕುದುರೆಗಿರುವ ದೊಡ್ಡ ಭಯಗಳೆಲ್ಲ ಒಟ್ಟಿಗೆ ಸೇರುವುದೂ ಅಲ್ಲೇ: ರಾತ್ರಿ, ಕಣ್ಣು ಕುಕ್ಕುವ ದೀಪ, ಪಟಾಕಿ, ಎದೆ ನಡುಗಿಸುವ ಸೌಂಡ್ ಬಾಕ್ಸ್, ಹಿಂದೆ ಮುಂದೆ ಜನ, ಓಡಲು ದಾರಿಯಿಲ್ಲ. ಬೀದರಿನ ಹಳೆಯ ಊರಿನಲ್ಲಿ ಒಬ್ಬ ಹಿರಿಯ ಕುದುರೆ ಯಜಮಾನರನ್ನು, ಕಾಕಾ, ಬಾಯಿ ಯಾಕೆ ಹೀಗೆ ಹರಿದಿದೆ ಎಂದು ಕೇಳಿದೆ. ಅವರು ನಿಟ್ಟುಸಿರು ಬಿಟ್ಟು, "ಏನ್ ಮಾಡ್ಲಿಪಾ, ಬಾಡಿಗಿ ಕೊಟ್ಟವರು ಕುಣಸು ಅಂತಾರ. ಕುಣಸಲಿಲ್ಲ ಅಂದ್ರ ರೊಕ್ಕ ಮುರಕೋತಾರ" ಎಂದರು. ಅವರ ಮಾತಿನಲ್ಲಿ ಸತ್ಯವಿದೆ. ಮುಂಗಾಲೆತ್ತಿ ಕುಣಿಯುವ ಆ ಕುಣಿತ ಸಂತೋಷದ್ದಲ್ಲ. ಬಾಯಿ ಜಗ್ಗಿದ್ದಕ್ಕೆ, ಕೋಲು ತಾಗಿದ್ದಕ್ಕೆ ಮುಂದೆಯೂ ಹೋಗಲಾರದೆ ಹಿಂದೆಯೂ ಬರಲಾರದೆ ಒದ್ದಾಡುವುದು.

ಈ ಕೆಲಸಕ್ಕೂ ಕುದುರೆಯನ್ನು ಹಿಂಸೆಯಿಲ್ಲದೆ ತಯಾರು ಮಾಡಬಹುದು. ಮದುವೆಗಳಿಲ್ಲದ ಆಷಾಢದಲ್ಲಿ ಶುರುಮಾಡಿ. ಮೊಬೈಲಿನಲ್ಲಿ ಬ್ಯಾಂಡಿನ ಸದ್ದನ್ನು ಸಣ್ಣಗೆ ಹಚ್ಚಿ, ದೂರದಲ್ಲಿಟ್ಟು, ಮೇವು ಹಾಕಿ. ಕಿವಿ ನಿಗುರಿಸಿ ಕೇಳಿ, ಮತ್ತೆ ಮೇಯತೊಡಗಿದರೆ ಮರುದಿನ ನಾಲ್ಕು ಹೆಜ್ಜೆ ಹತ್ತಿರ ತನ್ನಿ. ಮೇವು ಬಿಟ್ಟು ತಲೆಯೆತ್ತಿ ನಿಂತರೆ ನೀವು ಅವಸರ ಮಾಡಿದಿರೆಂದು ಅರ್ಥ, ಮತ್ತೆ ದೂರ ಒಯ್ಯಿರಿ. ದೀಪ, ಛತ್ರಿ, ಹಾರುವ ಬಟ್ಟೆ ಒಂದೊಂದಾಗಿ ಪರಿಚಯವಾಗಲಿ. ಎರಡೂ ಕಡೆ ಕಟ್ಟಿಹಾಕಿ ಸದ್ದಿನ ನಡುವೆ ನಿಲ್ಲಿಸಿದರೆ ಅದು ಕಲಿಯುವುದಿಲ್ಲ, ಒಳಗೊಳಗೇ ಸೋತು ಬಿಡುತ್ತದೆ. ಸೋತದ್ದು ಯಾವತ್ತೋ ಒಂದು ದಿನ ತುಂಬಿದ ಮೆರವಣಿಗೆಯಲ್ಲಿ ಸಿಡಿಯುತ್ತದೆ. ಹಳೆಯ ಅನುಭವಿ ಕುದುರೆಯೊಂದನ್ನು ಜೊತೆಗೆ ನಿಲ್ಲಿಸಿದರೆ ಎಳೆಯದು ಅದರಿಂದ ಧೈರ್ಯ ಕಲಿಯುತ್ತದೆ. ಇಷ್ಟೆಲ್ಲ ಮಾಡಿದರೂ ಪಟಾಕಿಗೆ, ಎದುರಿಗೇ ಇಟ್ಟ ಸೌಂಡ್ ಬಾಕ್ಸಿಗೆ ಯಾವ ಕುದುರೆಯನ್ನೂ ಒಗ್ಗಿಸಲಾಗದು, ಒಗ್ಗಿಸಲೂ ಬಾರದು.

ಬೇಸಿಗೆಯ ಮದುವೆಗಳಲ್ಲಿ ನೆನಪಿಡಬೇಕಾದ ಇನ್ನೊಂದು ಮಾತು 1965ರ ನಿಯಮದಲ್ಲಿದೆ. ಉಷ್ಣತೆ 37 ಡಿಗ್ರಿ ಸೆಲ್ಸಿಯಸ್ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಪ್ರಾಣಿಗಳಿಂದ ಕೆಲಸ ಮಾಡಿಸಕೂಡದು. ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸಕೂಡದು. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲು ಯಾರಿಗೆ ಗೊತ್ತಿಲ್ಲ? ಒಂದೇ ದಿನ ಭಾಲ್ಕಿಯಲ್ಲೊಂದು, ಔರಾದಲ್ಲೊಂದು ಬಾಡಿಗೆ ಒಪ್ಪಿಕೊಳ್ಳುವ ಮುಂಚೆ ಈ ಲೆಕ್ಕ ಹಾಕಿ.

ಮಾಳೇಗಾಂವ ಜಾತ್ರೆಯಿಂದ ಕುದುರೆ ತರುವವರಿಗೊಂದು ಎಚ್ಚರಿಕೆ. ಮೂಗಿನಿಂದ ಅಂಟಂಟಾದ ಸಿಂಬಳ, ಚರ್ಮದ ಮೇಲೆ ಸಾಲುಗಂಟು, ಒಡೆದ ಹುಣ್ಣು ಇದ್ದರೆ ಅದು ಗ್ಲಾಂಡರ್ಸ್ ಇರಬಹುದು. ಮನುಷ್ಯರಿಗೂ ಹತ್ತುವ, ಜೀವ ತೆಗೆಯುವ ರೋಗ. ರಕ್ತಪರೀಕ್ಷೆಯ ಪತ್ರವಿಲ್ಲದೆ ಕೊಳ್ಳಬೇಡಿ, ತಂದ ಮೇಲೂ ಕೆಲವು ವಾರ ಬೇರೆ ಕಟ್ಟಿ. ಧನುರ್ವಾಯುವಿನ ಲಸಿಕೆ ತಪ್ಪಿಸಬೇಡಿ. ಒಂದು ತುಕ್ಕು ಮೊಳೆ ಸಾಕು ಕುದುರೆಯನ್ನು ಕೊಲ್ಲಲು. ಇಡೀ ಕರ್ನಾಟಕದ ಪಶುವೈದ್ಯ ವಿಶ್ವವಿದ್ಯಾಲಯ ಇರುವುದೇ ನಮ್ಮ ಬೀದರಿನ ನಂದಿನಗರದಲ್ಲಿ, ಪಶುವೈದ್ಯಕೀಯ ಕಾಲೇಜು ಅಲ್ಲೇ ಇದೆ. ಸ್ವಸ್ಥ ಕುದುರೆಯ ಎದೆಬಡಿತ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16. ಎಣಿಸುವುದನ್ನು ಮನೆಯಲ್ಲೇ ಕಲಿತುಕೊಳ್ಳಿ. ಲೆಕ್ಕ ತಪ್ಪಿತೆಂದರೆ ನಾಟಿ ಔಷಧಿಯಲ್ಲಿ ಎರಡು ದಿನ ಕಳೆಯದೆ ವೈದ್ಯರಿಗೆ ತೋರಿಸಿ.

ಕಡೆಗೆ, ಕುದುರೆ ಇಲ್ಲದವರಿಗೂ ನನ್ನದೊಂದು ಬೇಡಿಕೆ. ನಿಮ್ಮ ಮನೆಯ ಮದುವೆಗೆ ಕುದುರೆ ಗೊತ್ತುಮಾಡುವಾಗಲೇ ಯಜಮಾನರಿಗೆ ಸ್ಪಷ್ಟವಾಗಿ ಹೇಳಿ: ಕುಣಿಸಬೇಡಿ, ಮುಳ್ಳಿನ ಕಡಿವಾಣ ಬೇಡ, ಮಕ್ಕಳನ್ನು ಹಿಂದೆ ಮುಂದೆ ಏರಿಸುವುದಿಲ್ಲ. ನಿಮ್ಮ ಕಡೆಯ ಹುಡುಗರಿಗೂ ಹೇಳಿ: ಸೌಂಡ್ ಬಾಕ್ಸು ಕುದುರೆಯಿಂದ ದೂರ ಇರಲಿ, ಪಟಾಕಿ ಅದರ ಹತ್ತಿರ ಬೇಡ. ಬಾಡಿಗೆ ಮಾತ್ರ ಒಂದು ರೂಪಾಯಿಯೂ ಮುರಿಯದೆ ಕೊಡಿ. ನೀವು ಕೇಳಿದರೆ ಕುದುರೆಯವರು ಖಂಡಿತ ಒಪ್ಪುತ್ತಾರೆ.